ಕಡವಿನ ಮಾಟಗಾತಿಯ ಗುಣದೋಷ

ಮಾದಾಪುರ
ಭಾನುವಾರ, 9 ನವೆಂಬರ್ 2025

ಪ್ರೀತಿಯ ಪವಿತ್ರಾ,

ನೀನು ಕೊಟ್ಟುಹೋದ ಒಂಬತ್ತು ಪುಸ್ತಕಗಳನ್ನೂ ಓದಿ ಮುಗಿಸಿದೆ. ಪೆನ್‌ಡ್ರೈವಿನಲ್ಲಿದ್ದ ಹನ್ನೆರಡು ಕಂತುಗಳನ್ನೂ ನೋಡಿದೆ, ಕೆಲವನ್ನು ಎರಡೆರಡು ಸಲ. ನನ್ನ ತಂಗಿ ಮೊನ್ನೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು: "ಬೆಳಿಗ್ಗೆ ಎದ್ರೆ ಕಾರ್ಟೂನು, ಮಧ್ಯಾಹ್ನ ಕಾರ್ಟೂನು. ಅಕ್ಕನಿಗೆ ಎಂತದೋ ಆಗಿದೆ ಮಾರಾಯ್ತಿ." ಆಗಿರುವುದು ನಿಜ. ಅದನ್ನು ಹೇಳಲಿಕ್ಕೇ ಈ ಕಾಗದ. ಆದರೆ ಅದಕ್ಕೆ ಬರಲು ನನಗೆ ಸ್ವಲ್ಪ ಹೊತ್ತು ಬೇಕು, ಸಹಿಸಿಕೋ.

ವಿಚಾರಣೆ ಹದಿನೆಂಟನೇ ತಾರೀಕು. ಗ್ರಂಥಾಲಯದಲ್ಲಿ ಈ ಕಾರ್ಟೂನು ತೋರಿಸಿ ನೀನು ಮಕ್ಕಳಿಂದ ಮಾಟ ಮಾಡಿಸುತ್ತಿದ್ದೀ ಎಂಬ ಮೂಗರ್ಜಿ ಸುಳ್ಳೆಂದು ಅಧಿಕಾರಿ ಧರ್ಮೇಂದ್ರ ಅವರಿಗೆ ಮನದಟ್ಟಾದರೆ ಬೀಗದ ಕೈ ಮತ್ತೆ ನಿನ್ನದು. ಇಲ್ಲವಾದರೆ ಮೇಲ್ವಿಚಾರಕಿಯ ಕೆಲಸ ಹೋಯಿತು. "ಆ ಚಿತ್ರದಲ್ಲಿ ಗುಣ ಏನು, ದೋಷ ಏನು, ತಿಳಿದವರೊಬ್ಬರಿಂದ ಬರೆಸಿಕೊಂಡು ಬನ್ನಿ" ಎಂದು ಅವರು ಹೇಳಿದಾಗ ನಿನಗೆ ಹೊಳೆದ ತಿಳಿದವರು ನಾನು. ಪಾಲಿಬೆಟ್ಟದಿಂದ ಮೂರು ಬಸ್ಸು ಬದಲಿಸಿ ಬಂದು ನಮ್ಮ ಜಗಲಿಯಲ್ಲಿ ಕೂತೆ. ನೀನೇ ಚೆನ್ನಾಗಿ ಬರೆಯುತ್ತೀಯಲ್ಲ ಎಂದರೆ, "ನಂಗೆ ಬರೀಲಿಕ್ಕೆ ಬರುದಿಲ್ಲ ಅಂತ ಅಲ್ಲ ಅಮ್ಮ. ನಾನು ಬರ್ದ್ರೆ ಎಸ್ಟೇಟಿನ ಲೈನ್‌ಮನೆ ಕೂಲಿಯವಳ ಮಗಳು ಬರ್ದದ್ದು ಅಂತ ಓದ್ತಾರೆ. ನೀವು ಬರ್ದ್ರೆ ವಿಶಾಲಾಕ್ಷಮ್ಮ ಬರ್ದದ್ದು ಅಂತ ಓದ್ತಾರೆ" ಅಂದೆ. ನಾನು ನಿನಗೆ ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ. ಹಾಲು ಉಕ್ಕುವವರೆಗೂ ಹೊರಗೆ ಬರಲಿಲ್ಲ.

ಮೊದಲು ಒಪ್ಪಿಕೊಂಡ ಕೆಲಸ.

'ಕಡವಿನ ಮಾಟಗಾತಿ' ಎಂದು ನೀನು ಮಕ್ಕಳಿಗಾಗಿ ಕನ್ನಡದಲ್ಲಿ ಕರೆಯುವ ಈ ಕಥೆ ಜಪಾನಿನ ಲೈಟ್ ನಾವೆಲ್‌ಗಳ ಜಾತಿಯದು. ಕೈಗೆ ಹಗುರಾದ ಪುಟ್ಟ ಪುಸ್ತಕಗಳು, ನಡುನಡುವೆ ಚಿತ್ರ, ಹದಿಹರೆಯದವರಿಗೆಂದು ಬರೆದವು. ಮನುಷ್ಯರ ರಾಜ್ಯಕ್ಕೂ ರಾಕ್ಷಸರ ರಾಜ್ಯಕ್ಕೂ ಮೂವತ್ತು ವರ್ಷದ ಯುದ್ಧ, ನಡುವೆ ಹೊಳೆ. ಕಡವಿನಲ್ಲಿ ಸಯೋ ಎಂಬವಳು ದೋಣಿ ನಡೆಸುತ್ತಾಳೆ. ಎರಡೂ ಕಡೆ ಸತ್ತವರು ಅವಳ ದೋಣಿಯನ್ನೇ ಹತ್ತಬೇಕು, ಹತ್ತುವ ಮುಂಚೆ ತಮ್ಮ ಹೆಸರನ್ನು ಅವಳಿಗೆ ಒಪ್ಪಿಸಬೇಕು. ಆಚೆ ದಡದಲ್ಲಿ ಹೆಸರಿಗೆ ಕೆಲಸವಿಲ್ಲ. ಅವಳು ಅವನ್ನೆಲ್ಲ ನೆನಪಿಟ್ಟುಕೊಂಡಿರುತ್ತಾಳೆ. ಅವಳ ಮಾಟವೆಂದರೆ ಅಷ್ಟೇ.

ಇದನ್ನು ಅನಿಮೆ, ಅಂದರೆ ಜಪಾನೀ ಕಾರ್ಟೂನು ಚಿತ್ರ, ಮಾಡಿದವರ ಗುಣ ಹೇಳುತ್ತೇನೆ. ಅವರಿಗೆ ನೀರು ಬಿಡಿಸಲು ಬರುತ್ತದೆ. ಮೂರನೇ ಕಂತಿನಲ್ಲಿ ಇಪ್ಪತ್ತು ನಿಮಿಷ ಮಂಜು, ಹುಟ್ಟು ಹಾಕುವ ಸದ್ದು, ಎರಡೇ ಜೀವ. ಯುದ್ಧದಿಂದ ಓಡಿಬಂದ ರೆನ್ ಎಂಬ ಸೈನಿಕ ಸಾಯದೆಯೇ ದೋಣಿ ಹತ್ತಲು ಬಂದಿದ್ದಾನೆ, ಸಯೋ ಬೇಡ ಅನ್ನುತ್ತಿಲ್ಲ, ಬಾ ಅನ್ನುತ್ತಲೂ ಇಲ್ಲ. ಪುಸ್ತಕದಲ್ಲಿ ಇದಕ್ಕೆ ನಲವತ್ತು ಪುಟ ಹಿಡಿದಿದೆ, ಅದರಲ್ಲಿ ಮೂವತ್ತು ರೆನ್ ತನ್ನ ಬಗ್ಗೆ ತಾನೇ ಮರುಗುವುದು. ಅನಿಮೆಯವರು ಆ ಮೂವತ್ತು ಪುಟವನ್ನು ಬಿಟ್ಟು, ದೋಣಿಯ ಅಂಚನ್ನು ಹಿಡಿದ ಅವನ ಬೆರಳುಗಳನ್ನಷ್ಟೇ ತೋರಿಸಿದ್ದಾರೆ. ಅಲ್ಲಿ ಚಿತ್ರ ಪುಸ್ತಕವನ್ನು ಮೀರಿದೆ. ಸಯೋಗೆ ದನಿ ಕೊಟ್ಟ ನಟಿಯೂ ಒಳ್ಳೆಯವಳು. ಅಳುವ ಕಡೆ ಅಳುವುದಿಲ್ಲ, ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳುತ್ತಾಳೆ. ರಾಕ್ಷಸರನ್ನು ಕೋರೆಹಲ್ಲು, ಕೆಂಪು ಕಣ್ಣು ಮಾಡಿ ಕೆಡಿಸಿಲ್ಲ. ಸತ್ತ ರಾಕ್ಷಸ ಮುದುಕಿಯೊಬ್ಬಳು ಗಡಿಗೆ ಹೊತ್ತು ಬಂದು, ಇದನ್ನೂ ತರಬಹುದೋ ಎಂದು ಸಂಕೋಚದಿಂದ ಕೇಳುವುದನ್ನು ನಾನು ಮರೆಯಲಾರೆ. ಆ ಮುದುಕಿಯನ್ನು ನೋಡಿ ನಮ್ಮ ಲೈನ್ ಮಕ್ಕಳು "ನಮ್ಮ ಚಿಕ್ಕಿ ಅಜ್ಜಿ!" ಎಂದು ಕಿರುಚುತ್ತಾರೆ ಎಂದೆಯಲ್ಲ, ಯಾಕೆಂದು ಈಗ ಗೊತ್ತಾಯಿತು.

ಮಾತಿನ ದೀರ್ಘತೆ ಪುಸ್ತಕದ ದೋಷ, ಅವಸರ ಅನಿಮೆಯ ದೋಷ. ಮೊದಲ ಐದು ಪುಸ್ತಕವನ್ನು ಹನ್ನೆರಡು ಕಂತಿಗೆ ತುರುಕಿದ್ದಾರೆ. ಆರನೇ ಕಂತಿನಲ್ಲಿ ಯಾರು ಯಾರ ಅಣ್ಣ ಎಂದು ತಿಳಿಯುವಷ್ಟರಲ್ಲಿ ಅವನು ದೋಣಿ ಹತ್ತಿ ಆಚೆ ಹೋಗಿರುತ್ತಾನೆ. ಪುಸ್ತಕದಲ್ಲಿ "ಅಂದು ಯುದ್ಧವಾಯಿತು" ಎಂಬ ಒಂದು ಸಾಲು ಇದೆ. ಅದನ್ನು ಎಂಟನೇ ಕಂತು ಪೂರ್ತಿ ಎಳೆದು ಕತ್ತಿ, ಬೆಂಕಿ, ಮಿಂಚು ಎಂದು ತುಂಬಿದ್ದಾರೆ. ಇನ್ನೊಂದು ನನಗೆ ತಡೆಯಲಾಗದ್ದು. ಪುಸ್ತಕದ ಸಯೋಗೆ ಐವತ್ತು ದಾಟಿದೆ, ಮಂಡಿ ನೋವು, ಕೂದಲು ಅರ್ಧ ಬೆಳ್ಳಗೆ. ಅನಿಮೆಯಲ್ಲಿ ಅವಳನ್ನು ಹದಿನೆಂಟರ ಚೆಲುವೆ ಮಾಡಿ ಕೂರಿಸಿದ್ದಾರೆ. ಐವತ್ತರ ಹೆಂಗಸಿಗೆ ಕಥೆ ಇರುವುದಿಲ್ಲ ಎಂದು ತೀರ್ಮಾನಿಸಿದವರು ಯಾರು? ನಲವತ್ತು ವರ್ಷದಿಂದ ಸಿನಿಮಾದವರ ಜೊತೆ ಈ ಜಗಳ ಆಡುತ್ತಾ ಬಂದಿದ್ದೇನೆ, ಜಪಾನಿನವರ ಜೊತೆಗೂ ಆಡಬೇಕಾಯಿತು.

ಎಲ್ಲಕ್ಕಿಂತ ದೊಡ್ಡ ದೋಷ ಹೆಸರುಗಳದು. ಎರಡನೇ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯ ಬರೀ ಹೆಸರು. ಒಂದೇ ಮುಂಜಾವಿನಲ್ಲಿ ಸತ್ತುಬಂದ ನೂರ ಹನ್ನೆರಡು ಜನ, ಪ್ರತಿಯೊಬ್ಬರ ಹೆಸರು, ಹೆಸರಿನ ಜೊತೆ ಒಂದೊಂದು ಮಾತು. ಒಬ್ಬನಿಗೆ ಮೂಲಂಗಿ ಸೇರುತ್ತಿರಲಿಲ್ಲ. ಒಬ್ಬಳು ಎಡಗೈಯಲ್ಲಿ ಹೊಲಿಯುತ್ತಿದ್ದಳು. ಓದುತ್ತಾ ಓದುತ್ತಾ ನನಗೆ ಕಣ್ಣು ಮಂಜಾಯಿತು. ಅನಿಮೆಯಲ್ಲಿ ಇದು ಎರಡು ನಿಮಿಷ. ದೋಣಿಗಳು ಹೋಗುತ್ತವೆ, ಪಿಟೀಲು ನುಡಿಯುತ್ತದೆ, ಮೂರು ಹೆಸರು ಕೇಳಿಸುತ್ತದೆ. ಹೆಸರು ಉಳಿಸುವವಳ ಕಥೆಯಲ್ಲಿ ನೂರ ಒಂಬತ್ತು ಹೆಸರನ್ನು ಬಿಟ್ಟಿದ್ದಾರೆ.

ಅಲ್ಲಿ ನೀನು ಏನು ಮಾಡಿದೆ ಎಂದು ನಿನ್ನ ಬಾಯಿಂದಲೇ ಕೇಳಿದೆ. ಟಿ.ವಿ.ಯ ದನಿ ಪೂರ್ತಿ ಇಳಿಸಿ, ಚಿತ್ರ ನಿಲ್ಲಿಸಿ, ಪುಸ್ತಕದಲ್ಲಿದ್ದ ನೂರ ಹನ್ನೆರಡನ್ನೂ ನಿನ್ನ ಮಾತಿನಲ್ಲಿ ಹೇಳಿದೆ. ಆಮೇಲೆ ಮಕ್ಕಳನ್ನು ಕೇಳಿದೆ: ನಿಮ್ಮ ಮನೆಯಲ್ಲಿ ಸತ್ತವರ ಹೆಸರು ಎಷ್ಟು ಗೊತ್ತುಂಟು? ಒಬ್ಬೊಬ್ಬರಿಗೆ ಒಂದು, ಎರಡು. ಮನೆಗೆ ಹೋಗಿ ಕೇಳಿಕೊಂಡು ಬನ್ನಿ ಎಂದೆ. ಮುಂದಿನ ಶನಿವಾರ ಮಕ್ಕಳು ತಂದ ಹೆಸರುಗಳು ಅದುವರೆಗೆ ಯಾವ ಕಾಗದದ ಮೇಲೂ ಇರಲಿಲ್ಲ. ಎಸ್ಟೇಟಿನ ಹಳೆ ಹಾಜರಿ ಪುಸ್ತಕದಲ್ಲಿ "ಚಿಕ್ಕಿಯ ಗಂಡ", "ಕುಂಟ", "ಹೊಸಬಳು" ಎಂದೇ ಇದ್ದವರವು. ಅವನ್ನು ಚೀಟಿಯಲ್ಲಿ ಬರೆಸಿ, ಗ್ರಂಥಾಲಯದ ಹಿಂದಿನ ತೋಡಿನಲ್ಲಿ ತೇಲಿಬಿಡಿಸಿದೆ. ಪುಸ್ತಕವನ್ನು ಸಿನಿಮಾ ಮಾಡುವುದು ಹೇಗೆಂದು ಆ ಕಂಪನಿಯವರು ನಿನ್ನ ಹತ್ತಿರ ಬಂದು ಕಲಿಯಬೇಕು.

ಇಷ್ಟನ್ನು ಬೇರೆ ಹಾಳೆಗೆ ಇಳಿಸಿ, ಸಹಿ ಮಾಡಿ ನಿನಗೆ ಕಳಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಮೊನ್ನೆ ಹಾಗೇ ಇಳಿಸಿದೆ. ಸಹಿ ಮಾಡುವ ಜಾಗಕ್ಕೆ ಬಂದಾಗ ಪೆನ್ನು ಮುಚ್ಚಿಟ್ಟೆ.

ಪವಿತ್ರಾ, ಆ ಮೂಗರ್ಜಿ ಬರೆದವಳು ನಾನು.

ಹೇಗೆ ಎಂದು ಹೇಳುತ್ತೇನೆ, ಯಾಕೆ ಎಂದು ಹೇಳುವುದು ಕಷ್ಟ. ಸೆಪ್ಟೆಂಬರ್ ಹದಿಮೂರು, ಶನಿವಾರ. ಪಾಲಿಬೆಟ್ಟದಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಬಂದಿದ್ದೆ. ಊಟವಾದ ಮೇಲೆ ನಾನು ಇಪ್ಪತ್ತೇಳು ವರ್ಷ ದುಡಿದ ಹಳೆಯ ಜಾಗ ನೋಡಿ ಬರೋಣ ಎಂದು ಗ್ರಂಥಾಲಯಕ್ಕೆ ನಡೆದೆ. ನೀನು ಒಳಗೆ ಟಿ.ವಿ. ಪಕ್ಕ ನಿಂತು ಕಥೆ ಹೇಳುತ್ತಿದ್ದೆ, ನನ್ನನ್ನು ನೋಡಲಿಲ್ಲ. ಎಣಿಸಿದೆ, ಮೂವತ್ತನಾಲ್ಕು ಮಕ್ಕಳು. ನನ್ನ ಕಾಲದಲ್ಲಿ ಶನಿವಾರ ನಾಲ್ಕು ಜನ ಬಂದರೆ ಹಬ್ಬ. ಅದರಲ್ಲೂ ಒಬ್ಬಳು ನೀನು, ನಿನ್ನ ತಾಯಿ ಚೋಮಿ ಕಾಫಿ ಪಿಕಿಂಗಿಗೆ ಹೋಗುವಾಗ ಜಗಲಿಯಲ್ಲಿ ಬಿಟ್ಟುಹೋಗುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ನೀವೆಲ್ಲ ಪಾಪ ಎಂದು ಕರೆಯುವ ನಿನ್ನ ಮಗಳು ತಿರುಗಿ ನೋಡಿ, "ಯಾರು ನೀವು? ಚಪ್ಪಲಿ ಹೊರಗೆ ಬಿಡಿ" ಅಂದಳು. ಆ ನಿಯಮ ಮಾಡಿದವಳು ನಾನು. ಮಗು ಸರಿಯಾಗೇ ಹೇಳಿತು. ನಾನು ಚಪ್ಪಲಿ ಬಿಡಲಿಲ್ಲ, ಒಳಗೂ ಹೋಗಲಿಲ್ಲ. ಕಟ್ಟಡ ಬಳಸಿ ಹಿಂದಕ್ಕೆ ಹೋದೆ.

ಸ್ವಲ್ಪ ಹೊತ್ತಿಗೆ ಮಕ್ಕಳು ತೋಡಿಗೆ ಓಡಿಬಂದರು. ನೀರಿನ ಮೇಲೆ ಚೀಟಿಗಳು ಹೋಗುತ್ತಿದ್ದವು. ಒಂದು ಕಲ್ಲಿಗೆ ಸಿಕ್ಕಿತ್ತು, ಎತ್ತಿದೆ. ನನ್ನ ಸೂಚಿ ಕಾರ್ಡು. ನನ್ನದೇ ಅಕ್ಷರ: "ಕೃಷಿ. ಜೇನು ಸಾಕಣೆ. ಬೀರು ಮೂರು, ಎರಡನೇ ಸಾಲು." ಪಂಚಾಯಿತಿ ಗ್ರಂಥಾಲಯಕ್ಕೆ ಕಾರ್ಡು ಸೂಚಿ ಬೇಕೆಂದು ಯಾರೂ ಹೇಳಿರಲಿಲ್ಲ. ಮೈಸೂರಿನ ದೊಡ್ಡ ಗ್ರಂಥಾಲಯದಲ್ಲಿ ನೋಡಿಬಂದು, ಏಳು ವರ್ಷ ಕೂತು, ಮೂರು ಸಾವಿರದ ನಾನೂರು ಕಾರ್ಡು ನಾನೇ ಬರೆದೆ. ಕಂಪ್ಯೂಟರು ಬಂದ ಮೇಲೆ ಅವು ರದ್ದಿ ಎಂದು ಪಂಚಾಯಿತಿ ಬರೆದುಹಾಕಿತು, ಗುಜರಿಗೆ ಹೋಗದಂತೆ ನೀನು ಎತ್ತಿಟ್ಟುಕೊಂಡಿದ್ದೆ. ಇದೆಲ್ಲ ನನಗೆ ನಂತರ ಗೊತ್ತಾದದ್ದು. ಆ ಹೊತ್ತಿಗೆ ಕಂಡದ್ದು ನನ್ನ ಏಳು ವರ್ಷ ತೋಡಿನಲ್ಲಿ ಹರಿದುಹೋಗುತ್ತಿರುವುದು.

ಕಾರ್ಡನ್ನು ತಿರುಗಿಸಿದೆ. ಹಿಂದೆ ಮಗುವಿನ ಅಕ್ಷರದಲ್ಲಿ "ಮುದ್ದಿ" ಎಂದಿತ್ತು.

ನಿನ್ನ ಅಜ್ಜಿ ಮುದ್ದಿ. ಅವಳು ಯಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1998ರಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ ಮಗುವಿಗೆ ಜ್ವರ ಬಿಡಲಿಲ್ಲ, ಮುದ್ದಿ ಮಾಟ ಮಾಡಿಸಿದ್ದಾಳೆ ಎಂದು ಅವನು ಅವಳ ಪಾತ್ರೆಗಳನ್ನು ಲೈನಿನ ಹೊರಗೆ ಎಸೆದ. ನಮ್ಮ ಕಡೆ ನಿಮ್ಮ ಯರವ ಬುಡಕಟ್ಟಿನವರ ಮೇಲೆ ಯಾರಿಗೆ ಸಿಟ್ಟು ಬಂದರೂ ಹೊರಿಸಲು ಸಿದ್ಧವಾಗಿರುವ ಆಪಾದನೆ ಅದು. ನಾನು ಪತ್ರಿಕೆಗೆ ಬರೆದೆ, ಪೂರ್ಣ ಹೆಸರು, ವಿಳಾಸ ಹಾಕಿ. ರೈಟರ್ ಗ್ರಂಥಾಲಯಕ್ಕೇ ನುಗ್ಗಿ ಕೂಗಾಡಿದ. "ದನಿ ತಗ್ಗಿಸಿ, ಇದು ಓದುವ ಜಾಗ" ಅಂದೆ. ಮುದ್ದಿ ವಾರದಲ್ಲಿ ಲೈನಿಗೆ ಮರಳಿದಳು. ಇಪ್ಪತ್ತೇಳು ವರ್ಷದಿಂದ ನಾನು ಈ ಕಥೆಯನ್ನು ಎಷ್ಟು ಜನರಿಗೆ ಹೇಳಿದ್ದೇನೋ. ನಿನಗೇ ಹತ್ತು ಸಲ ಹೇಳಿರಬೇಕು.

ಆ ಹೆಸರನ್ನು ನೋಡಿಯೂ ಕಾರ್ಡನ್ನು ಮತ್ತೆ ಈಚೆಗೆ ತಿರುಗಿಸಿದೆ. ನನಗೆ ಬೇಕಾಗಿದ್ದದ್ದು ನನ್ನ ಬದಿ ಮಾತ್ರ.

ಸೋಮವಾರ ಸಿದ್ದಾಪುರದ ಒಂದು ಅಂಗಡಿಯಲ್ಲಿ ಟೈಪ್ ಮಾಡಿಸಿದೆ, ಕೈಬರಹವಾದರೆ ನಿನಗೆ ಗುರುತು ಸಿಗುತ್ತದೆ ಎಂದು. ಕಾರ್ಡಿನ ವಿಷಯ ಒಂದಕ್ಷರವೂ ಬರೆಯಲಿಲ್ಲ. ಬರೆದಿದ್ದರೆ ಇದು ವಿಶಾಲಾಕ್ಷಮ್ಮನ ಕೆಲಸ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಅದೂ ಅಲ್ಲದೆ, ಹಳೆ ಕಾರ್ಡು ನೀರಿಗೆ ಬಿಟ್ಟರು ಎಂದರೆ ಯಾವ ಕಚೇರಿ ಕಿವಿಗೊಡುತ್ತದೆ? ಕಿವಿಗೊಡುವ ಮಾತು ಯಾವುದು ಎಂದು ನನಗೆ ಗೊತ್ತಿತ್ತು. ವಿದೇಶಿ ಮಾಟಗಾತಿಯ ಚಿತ್ರ ತೋರಿಸಿ, ಸತ್ತವರ ಹೆಸರು ಬರೆಸಿ, ಮಕ್ಕಳ ಕೈಯಲ್ಲಿ ನೀರಿಗೆ ಬಿಡಿಸುತ್ತಾರೆ ಎಂದು ಬರೆಸಿದೆ. ಕೆಳಗೆ "ನೊಂದ ಪೋಷಕರು". ನನಗೆ ಮಕ್ಕಳಿಲ್ಲ. ಹೆಸರಿಲ್ಲದ ಅರ್ಜಿ ಬರೆಯುವವರನ್ನು ಹೇಡಿಗಳು ಎಂದು ಪತ್ರಿಕೆಯಲ್ಲಿ ಎರಡು ಸಲ ಜರೆದಿದ್ದೇನೆ. ಪುಸ್ತಕವನ್ನು ಕೊನೆಯ ಪುಟದವರೆಗೆ ಓದದೆ ಅಭಿಪ್ರಾಯ ಹೇಳಬೇಡಿ ಎಂದು ಗ್ರಂಥಾಲಯದ ಗೋಡೆಯ ಮೇಲೆ ಬರೆಸಿದವಳೂ ನಾನೇ. ಆ ಅನಿಮೆಯನ್ನು ನಾನು ಅಂದು ಬಾಗಿಲಲ್ಲಿ ನಿಂತು ಮೂರು ನಿಮಿಷ ನೋಡಿದ್ದೆ.

ನಾನು ಏನು ಎಣಿಸಿದ್ದೆ ಎಂದರೆ, ಪಂಚಾಯಿತಿಯವರು ಬಂದು ನಿನಗೆ ಒಂದು ಮಾತು ಬೈದು ಶನಿವಾರದ ಟಿ.ವಿ. ನಿಲ್ಲಿಸುತ್ತಾರೆ, ಅಷ್ಟೇ. ನೀನು ಬೀಗದ ಕೈ ಒಪ್ಪಿಸಬೇಕಾಗುತ್ತದೆ ಎಂದು ಎಣಿಸಿರಲಿಲ್ಲ. ಅಂಗಡಿಯ ಪೂವಯ್ಯ ಪಾಪಳ ಕೈಗೆ ಚಾಕೊಲೇಟು ಕೊಡದೆ ಕಟ್ಟೆಯ ಮೇಲಿಟ್ಟು, "ಅಲ್ಲಿಂದ ತಗೋ, ನನ್ನ ಕೈ ಮುಟ್ಬೇಡ" ಅಂದರು ಎಂದು ನೀನು ಜಗಲಿಯಲ್ಲಿ ಹೇಳುವಾಗ ನಗುತ್ತಾ ಹೇಳಿದೆ. ಎಣಿಸಿರಲಿಲ್ಲ ಎಂದು ಮತ್ತೆ ಬರೆಯಲು ಹೊರಟಿದ್ದೆ. ಸುಳ್ಳು. 1998ನ್ನು ಕಂಡವಳು ನಾನು, ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನಮ್ಮೂರಲ್ಲಿ ನನಗಿಂತ ಚೆನ್ನಾಗಿ ತಿಳಿದವರಿಲ್ಲ.

ಕಾರ್ಡು ಹೋದದ್ದಕ್ಕೆ ನೋವಾಯಿತು ಎಂದು ಈಗಲೂ ಹೇಳಬಹುದು. ಆದರೆ ಆ ಕಾರ್ಡುಗಳನ್ನು ಕೈಯಲ್ಲಿ ಹಿಡಿಯಲು ಅಲ್ಲಿ ಮೂವತ್ತನಾಲ್ಕು ಮಕ್ಕಳಿದ್ದರು, ನನಗೆ ಹೆಚ್ಚು ನೋವಾದದ್ದು ಅದಕ್ಕೆ. ಏಳು ವರ್ಷ ಬರೆದ ಆ ಮೂರು ಸಾವಿರದ ನಾನೂರನ್ನು ಬೇರಾರೂ ಒಮ್ಮೆಯೂ ತೆಗೆದು ನೋಡಿರಲಿಲ್ಲ. ನನ್ನ ಹತ್ತಿರ ಕೂತು ಓದಲು ಕಲಿತ ಹುಡುಗಿ ಒಂದು ಮಳೆಗಾಲದಲ್ಲಿ ನಾನು ಇಪ್ಪತ್ತೇಳು ವರ್ಷದಲ್ಲಿ ಮಾಡಲಾಗದ್ದನ್ನು ಮಾಡಿದ್ದಳು. ಹೊಟ್ಟೆಕಿಚ್ಚು ಎಂಬ ಪದ ಕಾಗದದ ಮೇಲೆ ಇಷ್ಟು ಚಿಕ್ಕದಾಗಿ ಕಾಣುತ್ತದೆ ಎಂದು ತಿಳಿದಿರಲಿಲ್ಲ.

ನಮ್ಮ ಜಗಲಿಗೆ ಬಂದ ದಿನ ನೀನು ಮೂಗರ್ಜಿಯ ಪ್ರತಿಯನ್ನು ನನ್ನ ಕೈಗೆ ಕೊಟ್ಟೆ. ನಾನು ಕನ್ನಡಕ ಹಾಕಿ, ಮೊದಲ ಸಲ ಓದುವವಳಂತೆ ಓದಿದೆ. "ಯಾರು ಬರೆದಿರಬಹುದು?" ಎಂದೂ ಕೇಳಿದೆ. ಆಗ ನೀನು ಹೇಳಿದ್ದು: "ಯಾರಾದ್ರೂ ಇರ್ಲಿ ಅಮ್ಮ. ಕನ್ನಡ ಮಾತ್ರ ಚೆನ್ನಾಗುಂಟು. ಒಂದು ತಪ್ಪಿಲ್ಲ." ಆಮೇಲೆ ನನ್ನನ್ನೇ ನೋಡುತ್ತಾ ಕಾಫಿ ಕುಡಿದೆ. ಅಂದೇ ನಿನಗೆ ಗೊತ್ತಾಯಿತೋ, ಅಥವಾ ಆ ನೋಟ ನನ್ನ ಕಲ್ಪನೆಯೋ ಎಂದು ಎರಡು ವಾರದಿಂದ ಕೊರೆಯುತ್ತಿದೆ. ಗೊತ್ತಾಗಿಯೇ ಈ ಪುಸ್ತಕಗಳನ್ನು ನನ್ನ ಮಡಿಲಿಗೆ ಹಾಕಿಹೋದೆ ಎಂದಾದರೆ, ನೀನು ನನಗಿಂತ ಒಳ್ಳೆಯ ಗ್ರಂಥಪಾಲಕಿ. ಓದಬೇಕಾದವರ ಕೈಗೆ ಓದಬೇಕಾದ್ದನ್ನು ಇಟ್ಟೆ.

ನಾಳೆ ಬೆಳಿಗ್ಗೆ ಧರ್ಮೇಂದ್ರ ಅವರಿಗೆ ಒಂದು ಕಾಗದವನ್ನು ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಅದರಲ್ಲಿ ಅನಿಮೆಯ ಗುಣದೋಷವೂ ಇದೆ, ನನ್ನದೂ ಇದೆ. ನಿನಗೆ ಇದು ಎರಡು ದಿನ ತಡವಾಗಿ ಬರುತ್ತದೆ, ಬೇಕೆಂದೇ ತಡಮಾಡುತ್ತೇನೆ. ಮೊದಲು ನಿನಗೆ ಕಳಿಸಿದರೆ ನೀನು ಮತ್ತೆ ಮೂರು ಬಸ್ಸು ಹಿಡಿದು ಬಂದು "ಹೋಗ್ಲಿ ಬಿಡಿ ಅಮ್ಮ" ಅನ್ನುತ್ತೀ. ನಾನು ಬಿಟ್ಟುಬಿಡುತ್ತೇನೆ.

ಪಾಪ ಹೇಗಿದ್ದಾಳೆ ಎಂದು ಕೇಳುವ ಹಕ್ಕು ಸದ್ಯಕ್ಕೆ ನನಗಿಲ್ಲ. ಕ್ಷಮಿಸು ಎಂದೂ ಕೇಳುತ್ತಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ ಎಂಬ ಭಯ.

ಈವರೆಗೆ ನಿನಗೆ ಬರೆದ ಕಾಗದಗಳಿಗೆಲ್ಲ "ನಿನ್ನ ಅಮ್ಮನಂಥವಳು" ಎಂದು ಸಹಿ ಹಾಕುತ್ತಿದ್ದೆ. ಇದಕ್ಕೆ ಪೂರ್ಣ ಹೆಸರು ಮತ್ತು ವಿಳಾಸ ಸಾಕು.

ವಿಶಾಲಾಕ್ಷಮ್ಮ
ನಿವೃತ್ತ ಗ್ರಂಥಾಲಯ ಮೇಲ್ವಿಚಾರಕಿ
ಮಾದಾಪುರ ಅಂಚೆ, ಕೊಡಗು

ಮತ್ತೆ, ಬುಧವಾರ, 12ನೇ ತಾರೀಕು:

ಲಕೋಟೆ ಅಂಟಿಸುವ ಮುಂಚೆ ಇದನ್ನು ಸೇರಿಸಬೇಕಾಗಿದೆ. ಮಧ್ಯಾಹ್ನ ಒಂದು ಗಂಟೆಗೆ ಧರ್ಮೇಂದ್ರ ಅವರೇ ಫೋನ್ ಮಾಡಿದ್ದರು. "ಅಮ್ಮಾ, ಈ ವಯಸ್ಸಲ್ಲಿ ನಿಮಗಿದೆಲ್ಲ ಯಾಕೆ? ಮೂಗರ್ಜಿ ತಾನೆ. ಪುರಾವೆ ಇಲ್ಲ ಅಂತ ಬರೆದು ಫೈಲು ಮುಗಿಸ್ತೀನಿ. ಅವರ ಕೆಲಸನೂ ಉಳಿಯುತ್ತೆ, ನಿಮ್ಮ ಹೆಸರೂ ಉಳಿಯುತ್ತೆ. ನಿಮ್ಮ ಕಾಗದ ವಾಪಸ್ ತಗೊಳ್ಳಿ" ಅಂದರು. ನಾನು ಆಗಲಿ ಅಂದೆ, ತುಂಬಾ ಉಪಕಾರ ಎಂದೂ ಅಂದೆ. ಆಮೇಲೆ ಊಟ ಮಾಡಿದೆ, ಪಾತ್ರೆ ತೊಳೆದೆ. ಆ ಎರಡು ಗಂಟೆ, ಪವಿತ್ರಾ, ಈ ಎರಡು ತಿಂಗಳಲ್ಲಿ ಎಂದೂ ಇರದಷ್ಟು ನೆಮ್ಮದಿಯಾಗಿದ್ದೆ. ಇದು ನಿನಗೆ ಗೊತ್ತಿರಬೇಕು. ಪುರಾವೆ ಇಲ್ಲ ಎಂದರೆ ಊರಿನವರ ಲೆಕ್ಕದಲ್ಲಿ ಮಾಟ ಇತ್ತು, ಸಿಕ್ಕಿಬೀಳಲಿಲ್ಲ ಎಂದರ್ಥ. ಅದು ಮೊದಲೇ ಗೊತ್ತಿದ್ದೂ ಅನ್ನ ಸೇರಿತು.

ಮೂರು ಗಂಟೆಗೆ ನಾನೇ ತಿರುಗಿ ಫೋನ್ ಮಾಡಿದೆ. ವಾಪಸ್ ತಗೊಳ್ಳುವುದಿಲ್ಲ, ಹದಿನೆಂಟಕ್ಕೆ ಬಂದು ಎಲ್ಲರ ಮುಂದೆ ಹೇಳುತ್ತೇನೆ ಅಂದೆ. ಅವರಿಗೆ ಸಿಟ್ಟು ಬಂತು, ಆದರೆ ಸಮಯ ಕೊಟ್ಟರು, ಹನ್ನೊಂದು ಗಂಟೆ. ಆ ದಿನ ನೀನು ನನ್ನ ಪಕ್ಕದಲ್ಲಿ ಕೂರಬೇಡ. ಎದುರಿಗೆ ಕೂರು.